ನಮ್ಮ ಹಿಂದೆ ಬಂದ ಖಾಲಿ ಟಾಂಗಾ

ಊರಿನ ಹಳೆಯ ಪೇಟೆಯಾದ ಕಸಬಾದ ಒಂದು ಚಿಕ್ಕ ಲಿಂಗದ ಗುಡಿಯ ಮುಂದಿನ ಕಲ್ಲು ಎಡಬದಿಯಲ್ಲಿ ಮಾತ್ರ ಸವೆದಿದೆ. ಗುಡಿಯಿಂದ ಹೊರಬಂದು ಕೆರೆಯ ದಿಕ್ಕಿಗೆ ಮುಖ ಮಾಡಿ ನಿಂತಾಗ ಎಡಗಾಲು ಬೀಳುವ ಜಾಗದಲ್ಲಿ ಅಂಗೈಯಗಲ ತಗ್ಗು. ಬಲಬದಿಯಲ್ಲಿ ಕಲ್ಲುಕುಟಿಗನ ಉಳಿಯ ಗೆರೆಗಳು ಇನ್ನೂ ಬೆರಳಿಗೆ ತಗಲುತ್ತವೆ. ಅಲ್ಲಿಂದ ಎಡಕ್ಕೆ ಹೊರಳಿದರೆ ನಮ್ಮ ಶಾಲೆಯ ಓಣಿ, ಅದರಾಚೆ ಬಜಾರ. ಬಲಕ್ಕೆ ಹೊರಳಿದರೆ ಕೆರೆಗೆ ಹೋಗುವ ಇಕ್ಕಟ್ಟಾದ ಓಣಿ. ದಿನವೂ ಶಾಲೆಗೆ ಹೋಗುವಾಗ ಅಪ್ಪ ಗೊತ್ತುಮಾಡಿದ ಟಾಂಗಾದ ಪರದೆಯ ಸಂದಿಯಿಂದ ಆ ಕಲ್ಲನ್ನು ಕಂಡಿದ್ದೆ. ಇಳಿದು ಮುಟ್ಟಿ ನೋಡಿದ್ದು ಮಾತ್ರ, ಸೊಲ್ಲಾಪುರವನ್ನು ಹೆಂಗಸರಿಗೆ ನಡೆಸಿ ತೋರಿಸುವ ಕೆಲಸ ನನ್ನ ಪಾಲಿಗೆ ಬಂದ ಮೇಲೆ.

ನಾನು ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಇತಿಹಾಸ ಹೇಳುತ್ತೇನೆ. ಪುಣೆಯಲ್ಲಿ ಓದಿದ್ದೂ ಅದನ್ನೇ. ಊರಿನ ಒಂದು ಮಹಿಳಾ ಮಂಡಳಿಯವರು, ಊರಿನ ಹಳೆಯ ಸ್ಥಳಗಳನ್ನು ಊರ ಹೆಂಗಸರಿಗೂ ಸುತ್ತಲಿನ ಹಳ್ಳಿಯವರಿಗೂ ತಿಂಗಳಿಗೊಮ್ಮೆ ತೋರಿಸಬೇಕೆಂದು ಗೊತ್ತುಮಾಡಿ, ನಮ್ಮ ಮುಖ್ಯೋಪಾಧ್ಯಾಯಿನಿ ಹೆಡ್‌ಬಾಯಿಯವರನ್ನು ಒಬ್ಬ ಶಿಕ್ಷಕಿಗಾಗಿ ಕೇಳಿದ್ದರು. ಹೆಡ್‌ಬಾಯಿ ನನ್ನನ್ನು ಕಳಿಸಿದರು. ನಾನು ಒಪ್ಪಿಕೊಂಡೆ, ಆದರೆ ನಡೆದೇ ತೋರಿಸುತ್ತೇನೆ ಎಂದೆ.

ಮಂಡಳಿ ಹೆಂಗಸರದಾದರೂ ಅದರ ಕಾರ್ಯದರ್ಶಿ ಒಬ್ಬ ವಕೀಲರು. ಅವರು ನನ್ನ ಮಾತು ಕೇಳಿ ಕನ್ನಡಕ ತೆಗೆದು ಒರೆಸಿದರು.

"ಬಾಯಿ, ನಮ್ಮ ಬಾಯಕಾ ಮಂಡಳಿ ಬರಿಗಾಲಲೆ ಊರ ಸುತ್ತತಾರೇನ್ರಿ? ಅದರಾಗ ಈ ಸಲ ಬರಾಕತ್ತಾವರು ಅಕ್ಕಲಕೋಟ ಸಂಸ್ಥಾನದ ಕಡೆಯವರು, ಮೈಂದರ್ಗಿ ಹತ್ರದ ಗೌಡಸಾನಿ, ಅವರ ಸೊಸ್ತೇರು. ವಾಡೇದ ಹೊಸ್ತಲಾ ದಾಟಿದರ ಪರದೆ ಕಟ್ಟಿದ ಬಂಡಿ. ಅವರನ್ನ ಬಜಾರದಾಗ ನಡಸತೀರಿ?"

"ಅವರು ನಡೀತೇವಿ ಅಂದರ ನಡಸತೀನ್ರಿ" ಎಂದೆ.

ಅವರು ಒಂದು ಕರಾರು ಹಾಕಿದರು. ನಮ್ಮ ಹಿಂದೆ ಒಂದು ಖಾಲಿ ಟಾಂಗಾ ಬರುತ್ತದೆ. ಕೆರೆಯ ನಡುವಿನ ಸಿದ್ಧೇಶ್ವರನ ಗುಡಿಯ ಹತ್ತಿರ ಅವರು ಕಾಯುತ್ತಿರುತ್ತಾರೆ. ಅಲ್ಲಿಗೆ ಬರುವುದರೊಳಗೆ ಒಬ್ಬಳೇ ಒಬ್ಬಳು ಟಾಂಗಾ ಹತ್ತಿದರೂ ನಡಿಗೆಯ ಮಾತು ಅಲ್ಲಿಗೆ ಮುಗಿಯಿತು. ಮುಂದಿನ ತಿಂಗಳಿಂದ ಸಾಲಾಗಿ ಟಾಂಗಾಗಳು, ಮೊದಲ ಟಾಂಗಾದಲ್ಲಿ ಅವರ ಕಾರಕೂನ ಕೂತು ಕೂಗಿ ಹೇಳುತ್ತಾ ಹೋಗುತ್ತಾನೆ.

"ಕಬೂಲ ಏನ್ರಿ?"

"ಕಬೂಲ" ಎಂದೆ.

ಟಾಂಗಾದೊಳಗಿಂದ ಊರು ಕಾಣುವುದಿಲ್ಲ, ಪರದೆ ಕಾಣುತ್ತದೆ. ಇದನ್ನು ನಾನು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ. ವಕೀಲರಿಗೆ ಹೇಳಲಿಲ್ಲ.

ನಡಿಗೆ ಎಂದರೆ ಮಾತು ಎಂದು ಮೊದಲು ತಿಳಿದಿದ್ದೆ. ಪ್ರತಿ ಸ್ಥಳಕ್ಕೂ ಏನು ಹೇಳಬೇಕೆಂದು ಮರಾಠಿಯಲ್ಲಿ, ಕನ್ನಡದಲ್ಲಿ ಎರಡರಲ್ಲೂ ಸಿದ್ಧಮಾಡಿಕೊಂಡೆ. ಒಂದು ಮುಂಜಾನೆ ಒಬ್ಬಳೇ ಆ ದಾರಿಯಲ್ಲಿ ಹೋಗಿ, ನಿಲ್ಲಿಸಬೇಕಾದಲ್ಲೆಲ್ಲ ನಿಂತು, ಮೆಲುದನಿಯಲ್ಲಿ ಎಲ್ಲವನ್ನೂ ಹೇಳಿ ನೋಡಿದೆ. ಆಗ ಗೊತ್ತಾಯಿತು: ನಡೆದ ಕಾಲಿಗಿಂತ ನಿಂತ ಕಾಲು ಬೇಗ ನೋಯುತ್ತದೆ. ಮಾತನ್ನು ಅರ್ಧಕ್ಕಿಳಿಸಿದೆ, ಆಮೇಲೆ ಅದರಲ್ಲೂ ಅರ್ಧಕ್ಕೆ. ಕೂರಲು ಜಗಲಿ ಇರುವಲ್ಲಿ ಮಾತ್ರ ಉದ್ದದ ಕಥೆ. ಉಳಿದ ಕಡೆ ಕೈಮಾಡಿ ತೋರಿಸಿ ಎರಡು ಮಾತು.

ಎರಡನೆಯದು ಬಿಸಿಲು. ಶಿವರಾತ್ರಿ ಕಳೆದಿತ್ತು. ಬರುವ ಹೆಂಗಸರಲ್ಲಿ ಹೆಚ್ಚಿನವರು ಚಪ್ಪಲಿ ಮೆಟ್ಟುವವರಲ್ಲ. ಮೆಟ್ಟಿದರೂ ಗುಡಿ ಗುಡಿಗೆ ಬಿಟ್ಟು ಹಾಕಿ ಮಾಡುವುದು ಆಗುವ ಮಾತಲ್ಲ. ಹಾಗಾಗಿ ನಾನೂ ಚಪ್ಪಲಿ ಬಿಟ್ಟು, ಬೇರೆಬೇರೆ ಹೊತ್ತಿನಲ್ಲಿ ಅದೇ ದಾರಿಯನ್ನು ನಡೆದು ನೋಡಿದೆ. ಓಣಿಗಳಲ್ಲಿ ಎತ್ತರದ ವಾಡೆಮನೆಗಳ ನೆರಳು ತಡವಾಗಿಯೂ ಇರುತ್ತದೆ. ಕೆರೆಯ ಏರಿ ಮಾತ್ರ ಬಯಲು. ಬಿಸಿಲೇರಿದ ಮೇಲೆ ಅದರ ಕಲ್ಲುಹಾಸು ಹೆಂಚಿನಂತೆ ಕಾಯುತ್ತದೆ. ಒಂದು ಮಧ್ಯಾಹ್ನ ತಾಳಲಾರದೆ ನೀರಿನ ಕಡೆಗೆ ಇಳಿದಾಗ, ನೀರಿಗೆ ತಾಗಿದ ಕೊನೆಯ ಮೆಟ್ಟಿಲ ಸಾಲು ಯಾವಾಗಲೂ ತಣ್ಣಗಿರುತ್ತದೆ ಎಂಬುದು ಕಾಲಿಗೆ ತಿಳಿಯಿತು. ಅದನ್ನೂ ನೆನಪಿನಲ್ಲಿಟ್ಟೆ.

ಹೀಗಾಗಿ ದಾರಿ ತಾನೇ ಗೊತ್ತಾಯಿತು. ಬಯಲನ್ನು ತಂಪುಹೊತ್ತಿನಲ್ಲಿ ಮುಗಿಸಬೇಕು, ನೆರಳಿನ ಓಣಿಗಳನ್ನು ಕೊನೆಗೆ ಇಟ್ಟುಕೊಳ್ಳಬೇಕು. ಸವೆದ ಕಲ್ಲಿನಿಂದ ಬಲಕ್ಕೆ ಹೊರಳುವುದು, ಇಕ್ಕಟ್ಟಾದ ಓಣಿಯಿಂದ ಕೆರೆಯ ಕೋಡಿ, ಅಲ್ಲಿಂದ ಏರಿಯ ಮೇಲೆ ಸಿದ್ಧೇಶ್ವರನ ಗುಡಿ, ಆಮೇಲೆ ಕೋಟೆ, ಕೊನೆಗೆ ಬಜಾರದ ನೆರಳಿನಲ್ಲಿ ಹಿಂದಿರುಗುವುದು. ಕೋಡಿಯ ಆಚೆಗಿನ ಒಂದು ಮನೆಯವರು ಮಜ್ಜಿಗೆ ಕೊಡಲು ಒಪ್ಪಿದರು. ಹೆಂಗಸರಿಗೆ ನಡುವೆ ಹಿತ್ತಲಿಗೆ ಹೋಗಬೇಕಾದರೆ ಎಂದು ಬಜಾರದ ಹತ್ತಿರ ಇನ್ನೊಂದು ಮನೆ ಗೊತ್ತುಮಾಡಿದೆ. ಯಾವ ಗಂಡಸು ಮಾಡಿದ್ದರೂ ಈ ಕೊನೆಯದನ್ನು ಮರೆಯುತ್ತಿದ್ದ.

ಅತಿಥಿಗಳು ಹಿಂದಿನ ದಿನವೇ ರೈಲಿನಲ್ಲಿ ಹೋಟಗಿ ಹಾದು ಬಂದು, ಕಸಬಾದಲ್ಲೇ ನೆಂಟರ ಮನೆಯಲ್ಲಿ ಇಳಿದಿದ್ದರು. ಮುಂಜಾನೆ ಗಿರಣಿಯ ಭೋಂಗಾ ಕೂಗುವ ಹೊತ್ತಿಗೆ ಆ ಮನೆಯ ಮುಂದೆ ನಿಂತಿದ್ದೆ. ಟಾಂಗಾ ಆಗಲೇ ಬಂದಿತ್ತು. ನೋಡಿದರೆ ದಿನವೂ ನನ್ನನ್ನು ಶಾಲೆಗೆ ಬಿಡುವವನೇ. ವಕೀಲರು ಅವನನ್ನೇ ಗೊತ್ತುಮಾಡಿದ್ದರು.

"ಬಾಯಿಸಾಬ್, ಇವತ್ತ ನೀವು ಮುಂದ, ನಾ ಹಿಂದ" ಎಂದು ನಕ್ಕ. "ದುನಿಯಾ ಉಲ್ಟಾ ಆತು."

ಗೌಡಸಾನಿ ಹೊಸ್ತಿಲ ಮೇಲೆ ಬಂದು ನಿಂತರು. ಎತ್ತರದ ಹೆಂಗಸು, ಹಣೆಯ ತುಂಬ ವಿಭೂತಿ, ದಪ್ಪ ಇಳಕಲ್ ಸೀರೆ. ಹೊಳೆಗೆ ಇಳಿಯುವವರು ನೀರು ನೋಡುವ ಹಾಗೆ ಬೀದಿಯನ್ನು ಆ ಕಡೆ ಈ ಕಡೆ ನೋಡಿದರು.

"ಅಕ್ಕೋರ, ಹಗಲಾಗ ಹಿಂಗ ಬೀದ್ಯಾಗ ನಿಂತದ್ದು ನನ್ನ ಮದವ್ಯಾಗ ಒಮ್ಮಿ. ಅವತ್ತರೆ ಮಾರಿ ಮ್ಯಾಲೆ ಮುಸುಕ ಇತ್ತು, ಏನೂ ಕಾಣಲಿಲ್ಲ."

"ಇವತ್ತ ನೋಡ್ರಿ ಅವ್ವಾರ."

"ಅದಕ್ಕ ಬಂದೇನಿ."

ಅವರ ಹಿಂದೆ ಇಬ್ಬರು ಸೊಸೆಯರು, ಕೆಲವರು ಬಳಗದ ಹೆಂಗಸರು. ಊರಿನವರೂ ಕೆಲವರು ಸೇರಿಕೊಂಡರು. ಅವರಲ್ಲಿ ಒಬ್ಬಾಕೆ ಕಚೇರಿಯ ಗುಮಾಸ್ತರೊಬ್ಬರ ಹೆಂಡತಿ; ಮರಾಠಿ ಕನ್ನಡ ಎರಡನ್ನೂ ಕಲಸಿ ಒಂದೇ ಉಸಿರಿನಲ್ಲಿ ಮಾತಾಡುವಾಕೆ.

ಸವೆದ ಕಲ್ಲಿನ ಹತ್ತಿರ ನಿಲ್ಲಿಸಿ, ಊರಿನ ಸುತ್ತ ಇರುವ ಅರವತ್ತೆಂಟು ಲಿಂಗಗಳ ವಿಷಯ ಹೇಳಿದೆ. ಸಂಕ್ರಾಂತಿಗೆ ನಂದಿಕೋಲುಗಳು ಅವನ್ನೆಲ್ಲ ಸುತ್ತಿ ಬರುವುದನ್ನೂ ಹೇಳಿದೆ. ಎಲ್ಲರೂ ಕೈಮುಗಿದರು. ಬಲಕ್ಕೆ ಹೊರಳಿ ಓಣಿ ಹೊಕ್ಕೆವು. ಹಿಂದೆ ಟಾಂಗಾದ ಗಾಲಿಯ ಸದ್ದು. ಓಣಿಯ ಎರಡೂ ಗೋಡೆಗಳಿಗೆ ಗಾಲಿಯ ನಡುವಿನ ಗುಂಬ ತಗಲುವುದೊಂದೇ ಬಾಕಿ.

"ಹತ್ರಿ ಅವ್ವಾ, ಹತ್ರಿ! ಭಾಡಾ ವಕೀಲಸಾಹೇಬ್ರು ಕೊಟ್ಟಾರ. ನಿಮಗ ಫುಕಟ" ಎಂದು ಟಾಂಗಾದವನು ಕೂಗಿದ.

"ಫುಕಟ ಅಂದರ ನಮ್ಮ ಹಿರೇಸೊಸಿ ಹೆಣದ ಚಟ್ಟಾನೂ ಹತ್ತತಾಳ" ಎಂದರು ಗೌಡಸಾನಿ. "ಅಕಿ ಕೈ ಹಿಡಕೋರಿ ಯಾರರೆ."

ಹೆಂಗಸರ ನಗು ಗೋಡೆಗಳಿಗೆ ಬಡಿದು ದೊಡ್ಡದಾಯಿತು. ಹಿರಿಯ ಸೊಸೆಯೂ ನಕ್ಕಳು. ಕಿರಿಯವಳು ಮಾತ್ರ ಸೆರಗಿನೊಳಗಿಂದ ಒಂದೊಂದು ಬಾಗಿಲನ್ನೂ ನೋಡುತ್ತ ಸುಮ್ಮನೆ ಬರುತ್ತಿದ್ದಳು. ಕೆಲಸ ಸುಲಭವಾಯಿತು ಎಂದು ನಾನು ಅಂದುಕೊಂಡದ್ದು ಆ ಕ್ಷಣದಲ್ಲಿಯೇ.

ಓಣಿ ಮುಗಿದು ಕೆರೆ ಕಂಡಿತು. ಎದುರಿಗೆ ಕೋಡಿ, ಎಡಗಡೆ ನೀರಿನಾಚೆ ಗುಡಿಯ ಶಿಖರ. ಗೌಡಸಾನಿ ಎಡಕ್ಕೆ ನೋಡಿ ಕೈ ಜೋಡಿಸಿದರು. ಜೋಡಿಸಿದ ಕೈ ಹಾಗೇ ನಿಂತಿತು. ಕಾಲೂ ನಿಂತಿತು. ಅವರ ಹಿಂದಿದ್ದವರೆಲ್ಲ ನಿಂತರು.

"ದೇವರು ಎಡಕ ಬಂದನಲ್ಲ, ಅಕ್ಕೋರ."

ನನಗೆ ತಕ್ಷಣ ತಿಳಿಯಲಿಲ್ಲ. ದಣಿದರು ಎಂದುಕೊಂಡೆ.

"ಹಿಂಗ ಸುತ್ತಿದರ ಎಡಸುತ್ತು ಆಗತದ. ಎಡಸುತ್ತು ಯಾರಿಗೆ ಹಾಕತಾರ? ಚಿತೆಗೆ ಹಾಕತಾರ."

ಗುಮಾಸ್ತರ ಹೆಂಡತಿ ತಲೆ ಆಡಿಸಿದರು. "ಅಗ ಬಾಯಿ! ಮಲಾ ಮೊದಲ ಡೌಟ ಬಂದಿತ್ತು. ಇಷ್ಟ ಶಿಕಲೇಲ್ಯಾ, ಓದಿದ ಬಾಯಿ, ಗೊತ್ತಿದ್ದ ನಡಸತಿರಬೇಕು ಅಂತ ಸುಮ್ಮನಿದ್ದೆ."

ನಾನು ಬಿಸಿಲನ್ನು ಲೆಕ್ಕ ಹಾಕಿದ್ದೆ, ಕಲ್ಲನ್ನು, ನೀರನ್ನು, ಹಿತ್ತಲನ್ನು ಕೂಡ. ದೇವರು ಯಾವ ಕೈಗೆ ಬರುತ್ತಾನೆ ಎಂಬುದನ್ನು ಹಾಕಿರಲಿಲ್ಲ. ಮೊದಲು ವಾದ ಮಾಡಿದೆ. ಇದು ಪ್ರದಕ್ಷಿಣೆಯಲ್ಲ, ಊರನ್ನು ನೋಡುವುದಷ್ಟೇ ಎಂದೆ.

ಗೌಡಸಾನಿ ಸಿಟ್ಟಾಗಲಿಲ್ಲ. "ನೋಡಾಕ ಬಂದರೂ ಕಾಲು ಕಾಲ ಅಲ್ಲೇನವಾ? ಇದು ನೋಡೂದು, ಇದು ಸುತ್ತೂದು ಅಂತ ಕಾಲಿಗೆ ಏನ ಗೊತ್ತು?"



"ಮತ್ತೇನ ಚಿಂತಿ!" ಹಿಂದಿನಿಂದ ಟಾಂಗಾದವನ ದನಿ. "ಟಾಂಗಾ ಹತ್ತಿದರ ಕಾಲು ನೆಲಕ್ಕ ತಾಗೂದ ಇಲ್ಲ. ಎಡಾನೂ ಇಲ್ಲ, ಬಲಾನೂ ಇಲ್ಲ."

ಹಾಸ್ಯಕ್ಕೆಂದೇ ಹೇಳಿದ. ಆದರೆ ಒಬ್ಬಿಬ್ಬರು ಹೆಂಗಸರು ತಿರುಗಿ ಟಾಂಗಾದ ಕಡೆ ನಿಜವಾಗಿಯೂ ನೋಡಿದರು. ಗುಮಾಸ್ತರ ಹೆಂಡತಿ ಒಂದು ಹೆಜ್ಜೆ ಇಟ್ಟೂ ಬಿಟ್ಟರು. ಮುಂದಕ್ಕೆ ಹೋಗೋಣವೆಂದರೆ ಇವರು ಬರುವುದಿಲ್ಲ. ಇಲ್ಲಿಯೇ ನಿಂತರೆ ಟಾಂಗಾ ಇದೆ.

ನಾನು ಕೆರೆಯ ಕಡೆ ನೋಡಿದೆ. ಕೋಡಿಯ ಕಲ್ಲಿನ ಬಾಯಿಂದ ಸಣ್ಣಗೆ ನೀರು ಹೊರಬೀಳುತ್ತಿತ್ತು. ಈ ಕೆರೆಯನ್ನು ನಕಾಶೆಯಲ್ಲಿ ಎಷ್ಟು ಸಲ ನೋಡಿದ್ದೆ! ನಡುವೆ ಲಿಂಗ, ಸುತ್ತ ನೀರು, ಒಂದು ಕಡೆ ಮಾತ್ರ ಹೊರಕ್ಕೆ ಚಾಚಿದ ಬಾಯಿ. ಅದು ಲಿಂಗ ಕೂರುವ ಪಾಣಿಪೀಠದ ಆಕಾರವೇ ಆಗಿತ್ತು. ಆ ಓಣಿಯ ಬಾಯಲ್ಲಿ ನಿಂತಾಗ ಮೊದಲ ಸಲ ಕಂಡಿತು.

"ಅವ್ವಾರ, ನಿಮ್ಮೂರ ಶಿವನ ಗುಡ್ಯಾಗ ಪೂರಾ ಸುತ್ತ ಹಾಕತೀರೇನ್ರಿ?"

"ಛೇ, ಛೇ. ಅಭಿಷೇಕದ ನೀರು ಬೀಳೂ ಗೋಮುಖಿ ದಾಟತಾರೇನು? ಅಲ್ಲೀತನಾ ಹೋಗಿ ಹೊಳ್ಳಿ ಬರತೇವಿ. ಮತ್ತ ಆ ಕಡಿಂದ ಹೋಗೂದು."

"ಹಂಗಾರ ಒಂದ ಸಲ ದೇವರು ಬಲಗೈಗೆ, ಒಂದ ಸಲ ಎಡಗೈಗೆ. ಹೌದಲ್ರಿ?"

ಅವರು ಗಾಳಿಯಲ್ಲಿ ಬೆರಳಾಡಿಸಿ ತಮ್ಮೂರ ಗುಡಿಯನ್ನು ಸುತ್ತಿ ನೋಡಿದರು. "ಹೌದು" ಎಂದರು, ನಿಧಾನವಾಗಿ.

"ಅದು ಕೋಡಿ ನೋಡ್ರಿ. ಸಿದ್ಧೇಶ್ವರನ ನೀರು ಹೊರಗ ಬೀಳೂದು ಅಲ್ಲೇ. ನಾವು ಗೋಮುಖೀತನಾ ಬಂದೇವಿ. ಇಲ್ಲಿಂದ ಹೊಳ್ಳೂಣು. ಆ ಕಲ್ಲಿಗೆ ಹೋಗಿ, ಅಲ್ಲಿಂದ ದೇವರನ್ನ ಬಲಕ್ಕ ಇಟಗೊಂಡು, ಬಜಾರ, ಕೋಟಿ ಮ್ಯಾಲೆ ಹಾದು ಆ ಕಡಿಂದ ಗುಡಿಗೆ ಬರೂಣು. ಕೋಡಿ ದಾಟೂದ ಬ್ಯಾಡ."

ನಾನು ಉಳಿದದ್ದನ್ನೂ ಹೇಳಿದೆ. "ಆದರ ಒಂದು ಮಾತು. ದಾರಿ ದುಪ್ಪಟ್ಟ ಆಗತದ. ಏರಿಗೆ ಬರೂದರಾಗ ಬಿಸಲು ನೆತ್ತಿ ಮ್ಯಾಲಿರತದ. ಅದಕ್ಕ ನಾ ಈ ಕಡಿಂದ ಕರಕೊಂಡ ಬಂದಿದ್ದೆ."

ಗೌಡಸಾನಿ ಕೋಡಿಯನ್ನು ನೋಡಿದರು, ಶಿಖರವನ್ನು ನೋಡಿದರು. "ಅರ್ಧಾ ಎಡಕ, ಅರ್ಧಾ ಬಲಕ. ಶಿವನ ಲೆಕ್ಕ ಬರೋಬ್ಬರಿ ಆತು. ಬಿಸಲಿಗೆ ಹೆದರಾಕ ನಾವೇನ ಬೆಣ್ಣಿ ಉಂಡಿಯೇನು? ಹೊಳ್ರಿ."

ಟಾಂಗಾ ಹೊರಳುವಂತಿರಲಿಲ್ಲ. ಆ ಓಣಿಯಲ್ಲಿ ಅದು ಮುಂದಕ್ಕೆ ಮಾತ್ರ ಹೋಗಬಹುದಾಗಿತ್ತು. ಇಲ್ಲಿ ನಾನು ಆ ದಿನದ ದೊಡ್ಡ ತೀರ್ಮಾನ ಮಾಡಿದೆ. ಮಜ್ಜಿಗೆ ಇದ್ದದ್ದು ಕೋಡಿಯ ಆಚೆಗಿನ ಮನೆಯಲ್ಲಿ. ನಾವೀಗ ಹೋಗುತ್ತಿದ್ದದ್ದು ಅದಕ್ಕೆ ಬೆನ್ನು ಮಾಡಿ. ಮಜ್ಜಿಗೆಯಿಲ್ಲದೆ ಇವರನ್ನು ದುಪ್ಪಟ್ಟು ದಾರಿ ನಡೆಸುವ ಹಾಗಿಲ್ಲ. ಟಾಂಗಾ ಕಳಿಸಿದರೆ, ನಡುವೆ ಯಾರಿಗಾದರೂ ತಲೆಸುತ್ತು ಬಂದರೆ ನನ್ನ ಕೈಯಲ್ಲಿ ಏನೂ ಇಲ್ಲ.

"ನೀವು ಮುಂದ ಹೋಗ್ರಿ" ಎಂದೆ ಟಾಂಗಾದವನಿಗೆ. "ಆ ಮನ್ಯಾಗಿಂದ ಮಜ್ಜಿಗಿ ಗಡಿಗಿ ತಗೊಂಡು, ಹಿಂದಿನ ರಸ್ತೇಲೆ ಬಜಾರಕ್ಕ ಬರ್ರಿ."

"ಬಾಯಿಸಾಬ್, ನಿಮ್ಮ ಹಿಂದ ಇರಬೇಕಂತ ವಕೀಲಸಾಹೇಬ್ರ ಹುಕುಂ."

"ಹಿಂದ ಇರ್ರಿ ಅಂದಾರ. ಎಷ್ಟ ಹಿಂದ ಅಂತ ಹೇಳಿಲ್ಲಲ್ಲ."

ಅವನು ಒಂದು ಗಳಿಗೆ ನನ್ನನ್ನೇ ನೋಡಿದ. ಇಷ್ಟು ವರ್ಷ ನಾನು ಅವನ ಟಾಂಗಾದಲ್ಲಿ ಕೂತು ಆಡಿದ್ದು 'ನಿಲ್ಲಸ್ರಿ' ಎಂಬ ಒಂದೇ ಮಾತು. ಆಮೇಲೆ ಜೋರಾಗಿ ನಕ್ಕು ಲಗಾಮು ಎಳೆದ.

"ತಮ್ಮಾ, ನಿನ್ನ ಕುದರಿಗೆ ಎಡಸುತ್ತು ಆಗಾಂಗಿಲ್ಲೇನೋ?" ಎಂದು ಗೌಡಸಾನಿ ಕೇಳಿದರು.

"ಇದು ಪೂಜಾನೂ ಮಾಡಾಂಗಿಲ್ಲ, ನಮಾಜೂ ಮಾಡಾಂಗಿಲ್ಲವ್ವಾ. ಹುಲ್ಲು ಎಲ್ಲೈತೋ ಅದ ಇದರ ದಿಕ್ಕು."

ಹೆಂಗಸರು ಓಣಿಯ ಬಾಯಿಂದಾಚೆ ಸರಿದು, ಸೀರೆ ಹಿಡಿದು ನಿಂತು, ಟಾಂಗಾ ಹೊರಬಂದ ಮೇಲೆ ಒಬ್ಬೊಬ್ಬರಾಗಿ ಕುದುರೆಯ ಪಕ್ಕದಿಂದ ನುಸುಳಿ ಓಣಿಗೆ ಹಿಂದಿರುಗಿದರು. ಗಾಲಿಯ ಸದ್ದು ಕೋಡಿಯ ಕಡೆಗೆ ಕರಗಿಹೋಯಿತು. ಹಿಂದೆ ಏನೂ ಇಲ್ಲದೆ ನಡೆಯುವುದು ಮೊದಲ ಕೆಲವು ಹೆಜ್ಜೆ ನನಗೇ ವಿಚಿತ್ರವೆನಿಸಿತು.

ಸವೆದ ಕಲ್ಲಿಗೆ ಮತ್ತೆ ಬಂದೆವು. ಈ ಸಲ ನಾನು ಏನೂ ಹೇಳಲಿಲ್ಲ. ಪಕ್ಕದಲ್ಲಿ ನಿಂತೆ. ಲಿಂಗಕ್ಕೆ ಕೈಮುಗಿದು, ಕೆರೆಯ ಕಡೆ ಮುಖ ಮಾಡಿ, ಎಡಕ್ಕೆ ಹೊರಳುವಾಗ ಒಬ್ಬೊಬ್ಬ ಹೆಂಗಸಿನ ಎಡಗಾಲೂ ಆ ತಗ್ಗಿನಲ್ಲಿ ಬಿದ್ದು ಎದ್ದಿತು. ಯಾರೂ ಕೆಳಗೆ ನೋಡಲಿಲ್ಲ. ಎಷ್ಟು ತಲೆಮಾರಿನ ಕಾಲುಗಳು ಆ ತಗ್ಗನ್ನು ಮಾಡಿದವೋ, ಆ ಸಾಲಿಗೆ ಇವರೂ ಸೇರಿದರು.

ಓಣಿಗಳಲ್ಲಿ ಮಗ್ಗಗಳ ಸದ್ದು. ಬಣ್ಣ ಹಾಕಿದ ನೂಲಿನ ಲಡಿಗಳು ಬಾಗಿಲ ಮುಂದೆ ಹನಿ ಉದುರಿಸುತ್ತಿದ್ದವು. ಬಜಾರಕ್ಕೆ ಸ್ವಲ್ಪ ಹಿಂದೆ ಗುಮಾಸ್ತರ ಹೆಂಡತಿ ಒಂದು ಜಗಲಿಯ ಮೇಲೆ ಕೂತುಬಿಟ್ಟರು.

"ಬಾಯಿ, ಆತಾ ಪುರೇ, ಸಾಕು. ಎಲ್ಲಿ ನಿಮ್ಮ ಟಾಂಗಾ? ಕರೀರಿ."

ಟಾಂಗಾ ಎಲ್ಲಿದೆಯೆಂದು ನನಗೂ ಗೊತ್ತಿರಲಿಲ್ಲ. ಹತ್ತಿರ ಕೂತು, ಸ್ವಲ್ಪ ದೂರದಲ್ಲೇ ನೀರು ಇದೆ, ಮನೆಯಿದೆ ಎಂದೆ. ಅವರು ಅಲುಗಲಿಲ್ಲ. ಗೌಡಸಾನಿ ಬಂದು ಸೊಂಟದ ಮೇಲೆ ಕೈಯಿಟ್ಟು ಎದುರಿಗೆ ನಿಂತರು.

"ಯಾಕ ತಂಗಿ? ನೀ ಊರಾಕಿ, ನಾವು ಹಳ್ಯಾವರು. ನಿಮ್ಮೂರ ನಾವು ನೋಡಿ ಬಂದು ನಿನಗ ಹೇಳಬೇಕೇನು, ಹಿಂಗೈತಿ ಅಂತ?"

"ಅಹೋ ಆಜಿ, ಪಾಯ ದುಖತಾತ, ಕಾಲು ನೋಯತಾವ!"

"ದುಖತಾವ. ನನ್ನವೂ ದುಖತಾವ. ಜೋಡೀಲೆ ದುಖಿಸೂಣು, ಏಳು."

ಗುಮಾಸ್ತರ ಹೆಂಡತಿಗೆ ನಗು ತಡೆಯಲಾಗಲಿಲ್ಲ. ಎದ್ದರು. ನಾನು ಗೊತ್ತುಮಾಡಿದ ಮನೆಯಲ್ಲಿ ಎಲ್ಲರೂ ಕಾಲಿಗೆ ನೀರು ಹಾಕಿಕೊಂಡು ಹೊರಬರುವ ಹೊತ್ತಿಗೆ ಬಾಗಿಲಲ್ಲಿ ಗಾಲಿಯ ಸದ್ದು. ಟಾಂಗಾದ ಸೀಟಿನ ಮೇಲೆ, ಹೆಂಗಸರು ಕೂರುವ ಜಾಗದಲ್ಲಿ, ಪರದೆಯ ಹಿಂದೆ, ಮಜ್ಜಿಗೆಯ ಗಡಿಗೆ ಕೂತಿತ್ತು. ಅಲುಗದಂತೆ ಅವನು ತನ್ನ ರುಮಾಲು ಬಿಚ್ಚಿ ಅದರ ಸುತ್ತ ಒತ್ತಿದ್ದ.

ಮಜ್ಜಿಗೆ ಕುಡಿದ ಮೇಲೆ ಬಜಾರದಲ್ಲಿ ಎಲ್ಲರೂ ದೇವರಿಗೆ ಕಾಯಿ ಕೊಂಡು ಸೆರಗಿಗೆ ಕಟ್ಟಿಕೊಂಡರು. ಕೋಟೆಯಲ್ಲಿ ಹಳೆಯ ಗುಡಿಯೊಂದರ ಕಂಬಗಳಿವೆ. ಅವುಗಳ ಕಾಲ, ಕಟ್ಟಿಸಿದವರು ಎಂದು ನಾನು ಸಿದ್ಧಮಾಡಿಕೊಂಡಿದ್ದ ಮಾತು ಅಲ್ಲಿಯೇ ಎಲ್ಲಕ್ಕಿಂತ ಉದ್ದದ್ದು. ಶುರುಮಾಡುವ ಮೊದಲೇ ಕಿರಿಯ ಸೊಸೆ ಸೆರಗು ಹಿಂದಕ್ಕೆ ಸರಿಸಿ ಒಂದು ಕಂಬದ ಮೇಲೆ ಅಂಗೈಯಿಟ್ಟಳು.

"ಅತ್ತ್ಯಾರ, ಇಲ್ಲಿ ನೋಡ್ರಿ. ಈ ಗಂಟಿ ಸರಪಳಿ ನಮ್ಮೂರ ಗುಡೀ ಕಂಬದ ಮ್ಯಾಲೂ ಐತಿ. ಹಿಂಗ, ಎರಡು ಸಾಲು."

ಬೆಳಗಿನಿಂದ ಅವಳಾಡಿದ ಮೊದಲ ಮಾತು ಅದು. ಗೌಡಸಾನಿ ಬಗ್ಗಿ ನೋಡಿ ಹೌದೆಂದರು. ನನ್ನ ಕಡೆ ತಿರುಗಿ, "ಒಬ್ಬನ ಕೈಯೇನ್ರಿ ಇದು?" ಎಂದು ಕೇಳಿದಳು ಆ ಹುಡುಗಿ.

"ಒಬ್ಬನ ಕೈ ಅಂತ ಹೇಳಾಕ ಬರೂದಿಲ್ಲ. ಒಂದ ಕಾಲದ್ದು ಇರಬಹುದು. ನಿಮ್ಮೂರಿಗೆ ಬಂದು ನೋಡಬೇಕು" ಎಂದೆ. ಉದ್ದದ ಮಾತನ್ನು ಬಿಟ್ಟೆ. ಅವರೆಲ್ಲ ಆಗಲೇ ಕಂಬಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದರು.

ಕೋಟೆ ಬಿಟ್ಟು ಏರಿಗೆ ಬಂದಾಗ ಬಿಸಿಲು ನಾನು ಹೇಳಿದ ಜಾಗದಲ್ಲೇ ಇತ್ತು. ಕಲ್ಲುಹಾಸಿನ ಮೇಲೆ ಕಾಲಿಟ್ಟ ಹಿರಿಯ ಸೊಸೆ 'ಹಾ' ಎಂದು ಹಿಂದಕ್ಕೆ ತೆಗೆದಳು. ಗುಡಿ ಕಣ್ಣೆದುರಿಗೇ ಇತ್ತು. ಗೌಡಸಾನಿಯವರ ಮುಖ ಬಾಡಿತ್ತು. ಬೆಳಗಿನ ಮಾತು, ತಮಾಷೆ ಯಾವುದೂ ಇರಲಿಲ್ಲ. ಟಾಂಗಾ ಈಗ ನಮ್ಮ ಬೆನ್ನಿಗೇ ಬಂದು ನಿಂತಿತ್ತು. ಟಾಂಗಾದವನು ಈ ಸಲ ಕರೆಯಲಿಲ್ಲ. ಅದರಿಂದಲೇ ನನಗೆ ಹೆಚ್ಚು ಭಯವಾಯಿತು.

ಗೌಡಸಾನಿ ಟಾಂಗಾದ ಹತ್ತಿರ ಹೋದರು. ಅದರ ಕಟ್ಟಿಗೆಯ ಮೇಲೆ ಕೈಯೂರಿ ನಿಂತು ಉಸಿರು ತೆಗೆದುಕೊಂಡರು. ಎಲ್ಲರೂ ಅವರನ್ನೇ ನೋಡುತ್ತಿದ್ದರು. ಅವರು ಹತ್ತಿದರೆ ಉಳಿದವರು ಹತ್ತುವುದಕ್ಕೆ ತಡವಿಲ್ಲ. ನಾನು ತಡೆಯುತ್ತಲೂ ಇರಲಿಲ್ಲ. ಆ ವಯಸ್ಸಿನವರನ್ನು ಒಂದು ಕರಾರಿಗಾಗಿ ಕಾದ ಕಲ್ಲಿನ ಮೇಲೆ ನಡೆಸುವುದು ನನ್ನಿಂದಾಗದು.

ಅವರು ಸೆರಗಿನ ಗಂಟು ಬಿಚ್ಚಿ ಕಾಯಿಯನ್ನು ತೆಗೆದು ಸೀಟಿನ ಮೇಲಿಟ್ಟರು.

"ಇದು ಭಾರ ಆಗೇತಿ. ಇದು ಕುಂಡ್ರಲಿ. ನಾ ನಡೀತೀನಿ."

ಹಿರಿಯ ಸೊಸೆ ತನ್ನ ಕಾಯಿ ಇಟ್ಟಳು. ಕಿರಿಯವಳು, ಬಳಗದವರು, ಗುಮಾಸ್ತರ ಹೆಂಡತಿ, ಎಲ್ಲರೂ ಸಾಲಾಗಿ ಬಂದು ಇಟ್ಟರು. ನಾನು ಅವರನ್ನು ಕಲ್ಲುಹಾಸು ಬಿಡಿಸಿ ಕೆಳಗಿನ ಮೆಟ್ಟಿಲಿಗೆ ಇಳಿಸಿದೆ. ನೀರಿಗೆ ತಾಗಿದ ಆ ಸಾಲು ತಣ್ಣಗಿತ್ತು. ಸೀರೆಯ ಅಂಚು ತೋಯಿಸಿಕೊಳ್ಳುತ್ತಾ, ಒಬ್ಬರ ಭುಜ ಒಬ್ಬರು ಹಿಡಿದು, ಬಲಗಡೆ ನೀರು, ನೀರಿನಾಚೆ ದೇವರು, ಹಾಗೆ ಹೋದೆವು. ಮೇಲೆ ಏರಿಯ ಮೇಲೆ ಟಾಂಗಾ ನಮಗೆ ಸರಿಸಮನಾಗಿ, ಕಾಯಿಗಳನ್ನು ಕೂರಿಸಿಕೊಂಡು, ಮೆಲ್ಲಗೆ ಬಂತು.

"ಅಕ್ಕೋರ, ಈ ತಣ್ಣನ ಮೆಟ್ಟಲಾ ನಿನಗ ಯಾರ ತೋರಿಸಿದರು?" ಎಂದು ಗೌಡಸಾನಿ ಕೇಳಿದರು.

"ನನ್ನ ಕಾಲು ಸುಟ್ಟಾಗ ಸಿಕ್ಕಿತ್ರಿ."

"ಶಾಣ್ಯಾಕಿ ಅದೀ, ಮಗಳ" ಎಂದರು. ಅಲ್ಲಿಂದ ಮುಂದೆ ಅವರು ನನ್ನನ್ನು ಅಕ್ಕೋರ ಎನ್ನಲಿಲ್ಲ.

ವಕೀಲರು ಗುಡಿಗೆ ಹೋಗುವ ದಾರಿಯ ಬಾಯಲ್ಲಿ ಕೊಡೆ ಹಿಡಿದು ನಿಂತಿದ್ದರು. ನಾವು ಕೋಡಿಯ ಕಡೆಯಿಂದ ಬರಬೇಕೆಂದು ಅವರ ಲೆಕ್ಕ. ಬಹಳ ಹೊತ್ತಿನಿಂದ ಆ ಕಡೆಗೇ ಕತ್ತು ಚಾಚಿಕೊಂಡಿದ್ದರು. ನಾವು ಅವರ ಬೆನ್ನ ಹಿಂದೆ ಬಂದು ನಿಂತು, ಗುಮಾಸ್ತರ ಹೆಂಡತಿ ಕೆಮ್ಮಿದಾಗ ಬೆಚ್ಚಿ ತಿರುಗಿದರು. ತೋಯ್ದ ಸೀರೆಗಳನ್ನು ನೋಡಿದರು, ಟಾಂಗಾ ನೋಡಿದರು.

"ಎಷ್ಟ ಮಂದಿ ಹತ್ತಿದರೋ?" ಎಂದು ಟಾಂಗಾದವನನ್ನು ಕೇಳಿದರು.

ಅವನು ಇಳಿದು ಸಲಾಮು ಮಾಡಿದ. "ಒಂದ ಮಜ್ಜಿಗಿ ಗಡಿಗಿ ಹತ್ತಿತ್ರಿ ಸಾಹೇಬ್. ಬಜಾರದಾಗ ಇಳದ ಹೋತು. ಕಾಯಿ ಹತ್ಯಾವ, ಅವು ಇನ್ನೂ ಕುಂತಾವ." ಪರದೆ ಎತ್ತಿ ತೋರಿಸಿದ.

ಟಾಂಗಾದವನೊಡನೆ ತಮ್ಮಾ ಎಂದು ಮಾತಾಡಿದರೂ, ವಕೀಲರಂಥ ಪರಗಂಡಸರೊಡನೆ ಗೌಡಸಾನಿ ನೇರವಾಗಿ ಮಾತಾಡುವವರಲ್ಲ. ವಕೀಲರು ಎರಡು ಮೊಳದಷ್ಟು ಹತ್ತಿರದಲ್ಲಿದ್ದರೂ ಅವರು ಸೆರಗು ಮುಂದಕ್ಕೆಳೆದು ನನ್ನ ಕಡೆ ತಿರುಗಿದರು.

"ಅವರಿಗೆ ಹೇಳವಾ ಮಗಳ. ಮುಂದಿನ ಸಲ ಇನ್ನೂ ಭಾಳ ಮಂದಿ ಬರತೇವಿ. ಎರಡು ಟಾಂಗಾ ತರ್ರಿ ಅಂತ ಹೇಳು. ಕಾಯಿ ಭಾಳ ಆಗತಾವ."

ನಾನು ಒಂದಕ್ಷರ ಬಿಡದೆ ಹೇಳಿದೆ. ವಕೀಲರು ಕೊಡೆ ಮಡಿಸಿ, ಕನ್ನಡಕ ತೆಗೆದರು, ಒರೆಸದೆ ಹಾಗೇ ಹಾಕಿಕೊಂಡರು. ಅವರ ತುಟಿಯಲ್ಲಿ ನಗು ಇತ್ತು ಎಂದು ಹೇಳಲೇಬೇಕು.

"ಬರುವ ತಿಂಗಳ ಯಾವ ಕಡೆ ಹೋಗತೀರಿ, ಬಾಯಿ?" ಎಂದರು.

ಮರುದಿನ ಮುಂಜಾನೆ ಭೋಂಗಾ ಆದ ಮೇಲೆ ಟಾಂಗಾ ಎಂದಿನಂತೆ ನಮ್ಮ ಮನೆಯ ಮುಂದೆ ಬಂದು ನಿಂತಿತು. ಟಾಂಗಾದವನು ಎಂದಿನಂತೆ ಇಳಿದು ಪರದೆ ಎತ್ತಿ ಹಿಡಿದ. ಅಪ್ಪ ಬಾಗಿಲಲ್ಲಿ ನಿಂತಿದ್ದರು. ನಾನು ಪುಸ್ತಕದ ಚೀಲವನ್ನು ಸೀಟಿನ ಮೇಲಿಟ್ಟು, "ಇದು ಕುಂಡ್ರಲಿ" ಎಂದೆ. ಕಸಬಾದ ಕಲ್ಲಿನವರೆಗೆ ನಡೆದು, ಲಿಂಗಕ್ಕೆ ಕೈಮುಗಿದು, ತಗ್ಗಿನಲ್ಲಿ ಎಡಗಾಲಿಟ್ಟು ಎಡಕ್ಕೆ ಹೊರಳಿ ಶಾಲೆಗೆ ಹೋದೆ.